ಬೆರಳು ಆಡಿತು, ಬಾಣ ಕದಲಲಿಲ್ಲ

ಒಂದು ವಸ್ತು ಕೈಕೊಟ್ಟ ಕೂಡಲೇ ಅದನ್ನು ಬದಲಿಸುವುದು ಈಗ ನಮ್ಮೆಲ್ಲರಿಗೂ ರೂಢಿಯಾಗಿಬಿಟ್ಟಿದೆ. ಅದು ಏಕೆ ಕೆಟ್ಟಿತು ಎಂದು ಕೇಳುವ ತಾಳ್ಮೆ ಕಡಿಮೆಯಾಗುತ್ತಿದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮ ಮೊಹಲ್ಲಾದ ವಾಚನಾಲಯದ ಮೂರು ಹಳೆಯ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ನ್ನು ಹೊರುವಂಥವಲ್ಲ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಇಲ್ಲಿನ ಮಕ್ಕಳು ನಂಬಿದ್ದು ಅವನ್ನೇ. ಹೀಗಾಗಿ ನಾವು ಲಿನಕ್ಸ್ ಮಿಂಟ್ ಹಾಕಿದೆವು. ಎಲ್ಲವೂ ಸರಿಹೋಯಿತು, ಆದರೆ ಒಂದು ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮಾತ್ರ ಮುಚ್ಚಳ ಮುಚ್ಚಿ ತೆರೆದ ಮೇಲೆ ಸ್ತಬ್ಧವಾಗುತ್ತಿತ್ತು. ಅಂಗಡಿಯವರು ಪ್ಯಾಡನ್ನೇ ಬದಲಿಸಬೇಕೆಂದರು. ಅಷ್ಟು ಹಣ ನಮ್ಮಲ್ಲಿರಲಿಲ್ಲ.

ಆದರೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಪ್ಯಾಡ್ ಓಡುತ್ತಿತ್ತಲ್ಲ! ಸತ್ತದ್ದು ಹಾಗೆ ಎದ್ದು ಬರುವುದುಂಟೇ? ಪ್ಯಾಡಿಗೂ ಲಿನಕ್ಸಿನ ಕರ್ನಲ್‌ಗೂ ನಡುವೆ ಡ್ರೈವರ್ ಎಂಬ ದುಭಾಷಿಯಿದೆ. ಹಳೆಯ ಬಹಳಷ್ಟು ಪ್ಯಾಡ್‌ಗಳಿಗೆ ಅದರ ಹೆಸರು 'ಪಿಎಸ್‌ಮೌಸ್'. ಯಂತ್ರ ನಿದ್ದೆಯಿಂದೆದ್ದಾಗ ಈ ದುಭಾಷಿ ಏಳದಿದ್ದರೆ ಬೆರಳಿನ ಮಾತು ತಲುಪುವುದಿಲ್ಲ.

ಮೊದಲು ಕೀಲಿಮಣೆಯಲ್ಲಿ ಪ್ಯಾಡನ್ನು ಆರಿಸುವ ಗುಂಡಿ ಒತ್ತಿಹೋಗಿದೆಯೇ ಎಂದು ನೋಡಿದೆವು. ಇಲ್ಲ. ಮೌಸ್ ಜೋಡಿಸಿ, '/ಪ್ರೋಕ್/ಬಸ್/ಇನ್‌ಪುಟ್/ಡಿವೈಸಸ್' ಕಡತ ತೆರೆದೆವು. ಪ್ಯಾಡಿನ ಹೆಸರು ಅಲ್ಲಿತ್ತು. ಟರ್ಮಿನಲ್‌ನಲ್ಲಿ 'ಸುಡೊ ಮಾಡ್‌ಪ್ರೋಬ್ -ಆರ್ ಪಿಎಸ್‌ಮೌಸ್' ಎಂದು ಡ್ರೈವರನ್ನು ಇಳಿಸಿ, 'ಸುಡೊ ಮಾಡ್‌ಪ್ರೋಬ್ ಪಿಎಸ್‌ಮೌಸ್' ಎಂದು ಮತ್ತೆ ಏರಿಸಿದೆವು. ಬಾಣ ಕದಲಿತು! ಯಂತ್ರ ಎದ್ದಾಗಲೆಲ್ಲ ಇವು ತಾವೇ ನಡೆಯುವಂತೆ ಸಿಸ್ಟಮ್‌ಡಿಯ 'ಸಿಸ್ಟಮ್-ಸ್ಲೀಪ್' ಕಡತಕೋಶದಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿಟ್ಟೆವು. ಖರ್ಚು ಸೊನ್ನೆ.

ಇದು ಎಲ್ಲ ರೋಗಕ್ಕೂ ಮದ್ದಲ್ಲ. ಹೊಸ ಪ್ಯಾಡ್‌ಗಳಲ್ಲಿ ಹಲವು 'ಐ2ಸಿ' ಎಂಬ ಬೇರೆ ದಾರಿಯಲ್ಲಿ ಮಾತಾಡುತ್ತವೆ. ಅವುಗಳ ಡ್ರೈವರ್ ಬೇರೆ. ತಟ್ಟಿದರೆ ಕ್ಲಿಕ್ ಆಗದಿರುವುದು ರೋಗವೇ ಅಲ್ಲದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಆ ಸೌಲಭ್ಯವನ್ನು ಹಚ್ಚಿದರೆ ಸಾಕು. ಆದರೆ ಬ್ಯಾಟರಿ ಉಬ್ಬಿ ಪ್ಯಾಡನ್ನು ಮೇಲೆತ್ತಿದ್ದರೆ ಯಾವ ಆಜ್ಞೆಯೂ ಉಪಯೋಗಕ್ಕೆ ಬಾರದು. ಅದು ಅಪಾಯ. ಕೂಡಲೇ ಆರಿಸಿ, ಬಲ್ಲವರ ಕೈಗೆ ಕೊಡಬೇಕು.

ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದ ಈ ಕರ್ನಲ್‌ನ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಬಡವನಿಗೆ ಅದು ದೊಡ್ಡ ಆಸರೆ. ಹತ್ತನೆಯ ತರಗತಿಯ ಹುಡುಗಿಯರು ಆ ಎರಡು ಆಜ್ಞೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ. ಮುಂದಿನ ಸಲ ಅವರು ನಮ್ಮನ್ನು ಕರೆಯಬೇಕಾಗಿಲ್ಲ.