ಚಾಲೈ ಪೇಟೆಯಿಂದ ಪೊನ್ಮುಡಿಯ ನೆತ್ತಿಗೆ

ತಿರುವನಂತಪುರದ ಚಾಲೈ ಪೇಟೆಯಲ್ಲಿ ಬೆಳಕು ಹರಿಯುವ ಮೊದಲೇ ಮೂಟೆಗಳು ಇಳಿಯುತ್ತವೆ. ಹದಿನೆಂಟನೆಯ ಶತಮಾನದ ಕೊನೆಗೆ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ ಕಟ್ಟಿಸಿದ ಪೇಟೆ ಇದು. ಬಾಳೆಗೊನೆ, ಮಲ್ಲಿಗೆ, ಕಾಳುಮೆಣಸು ಎಲ್ಲದರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಆ ಮೆಣಸು ಇಳಿದು ಬರುವ ಬೆಟ್ಟಗಳತ್ತ ಸೈಕಲ್ ತುಳಿದುಕೊಂಡು ಹತ್ತಬೇಕೆಂದೇ ನಾವು ಹೊರಟದ್ದು. ಆ ಬೆಟ್ಟಗಳಲ್ಲೊಂದಾದ ಪೊನ್ಮುಡಿ ಇಲ್ಲಿಂದ ಸುಮಾರು 60 ಕಿ.ಮೀ.

ನೆಡುಮಂಗಾಡಿನವರೆಗೆ ಬಸ್ಸುಗಳ ಹಾರ್ನ್, ಅಂಗಡಿ ಸಾಲು. ಮಲೆಯ ಸರಕಿಗೆ ಹಳೆಯ ಮಾರುಕಟ್ಟೆ ಅದು. ವಿತುರ ದಾಟಿದ ಮೇಲೆ ರಬ್ಬರ್ ತೋಟಗಳ ನೆರಳು; ಮೈಯ ಬೆವರು ತಣ್ಣಗಾಗುತ್ತದೆ.

ಆಮೇಲೆ ಕಲ್ಲಾರ್. ನದಿಯ ಹೆಸರೂ ಊರಿನ ಹೆಸರೂ ಅದೇ. ಎಷ್ಟು ತಿಳಿನೀರು! ತಳದ ಉರುಟು ಕಲ್ಲುಗಳ ಬಣ್ಣ ಸೇತುವೆಯ ಮೇಲಿಂದಲೇ ಕಾಣುತ್ತದೆ. ಕಾರಿನಲ್ಲಿ ಕುಳಿತವರಿಗೆ ಒಂದು ಗಳಿಗೆ ಕೇಳಿ ನಿಂತುಹೋಗುವ ಹೊಳೆಯ ಸದ್ದು, ಸೈಕಲ್ಲಿನವರಿಗೆ ತಿರುವು ತಿರುವಿಗೂ ಸಿಗುತ್ತದೆ. ಈ ನೀರು ವಾಮನಪುರಂ ನದಿಯಾಗಿ ಅರಬ್ಬೀ ಸಮುದ್ರದ ಕಡೆಗೆ ಹೋಗುತ್ತದೆ. ಇಲ್ಲಿನ ಕಾಡಿನ ಮದ್ದಿನ ಗಿಡಗಳನ್ನು ಬಲ್ಲ, ಕಾಣಿ ಬುಡಕಟ್ಟು ಸಮುದಾಯದ ಲಕ್ಷ್ಮಿಕುಟ್ಟಿ ಅಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಚಹಾದಂಗಡಿಯ ಚೇಚಿ (ಅಕ್ಕ) ಪುಟ್ಟು-ಕಡಲೆ ಬಡಿಸುತ್ತಾ ಹೇಳಿದರು: “ಇಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಬಿದ್ದರೆ ಹೊಳೆ ನುಗ್ಗುತ್ತದೆ ಮಕ್ಕಳೇ, ಇಳಿಯಬೇಡಿ.”

ಚೆಕ್‌ಪೋಸ್ಟಿನ ಆಚೆ ನಿಜವಾದ ಏರು. ಆಗುಂಬೆ ಘಾಟಿಗೆ 14 ಹೇರ್‌ಪಿನ್ ತಿರುವು; ಇಲ್ಲಿ 22. ಗೇರು ಪೂರ್ತಿ ಇಳಿಸಿ, ಉಸಿರು ಎಣಿಸಿಕೊಂಡು ಹತ್ತಬೇಕು. ಕಾಡು ತೆರೆದು ಚಹಾ ತೋಟ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಪೊನ್ಮುಡಿಯ ಈ ಇಳಿಜಾರುಗಳಲ್ಲೇ. ಸುಮಾರು 1,100 ಮೀಟರ್ ಎತ್ತರದ ನೆತ್ತಿಯಲ್ಲಿ ಮಂಜು ಕೈ ಹಿಡಿದಷ್ಟು ಹತ್ತಿರ ಬಂತು, ಮತ್ತೆ ಸರಿಯಿತು. ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು, ಅವುಗಳಾಚೆ ನೀಲಿ ಬೆಟ್ಟಗಳ ಸಾಲಿನ ಮೇಲೆ ಸಾಲು. ಬೆಳಿಗ್ಗೆ ಮೂಟೆಗಳ ನಡುವೆ ನಿಂತಿದ್ದ ನಮಗೆ ಮಾತೇ ಹೊರಡಲಿಲ್ಲ.

ಹೋಗುವವರು ಬ್ರೇಕ್ ಪ್ಯಾಡ್ ಹೊಸದು ಹಾಕಿಸಿಕೊಳ್ಳಿ. ಹತ್ತುವುದಕ್ಕಿಂತ ಇಳಿಯುವಾಗಲೇ ಅಪಾಯ ಹೆಚ್ಚು. ಮಳೆ ಜೋರಾದರೆ ಘಾಟಿ ಮುಚ್ಚುವುದುಂಟು, ವಿಚಾರಿಸಿಯೇ ಹೊರಡಿ. ಕಲ್ಲಾರಿನ ಮಡುಗಳಲ್ಲಿ ಪ್ರಾಣ ಕಳೆದುಕೊಂಡವರು ಇದ್ದಾರೆ. ಹೊಳೆಯನ್ನು ದಡದಿಂದಲೇ ನೋಡಿ.