ಮಾಳದ ಮೇಲಿನ ಕೋವಿ

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೊರಟ ಪ್ರವಾಸಿಕನ ಕಣ್ಣಿಗೆ ಮೊದಲು ಬೀಳುವುದು ಕಾಡು. ಕಣಿವೆಗಿಳಿದ ಬಳಿಕವೇ ಅಡಿಕೆಯ ತೋಟ, ಅದರಾಚೆ ಅಂಗೈಯಗಲದ ಗದ್ದೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಈ ಸೀಮೆಯಲ್ಲಿದೆ. ತೋಟಕ್ಕೆ ಗೊಬ್ಬರವೊದಗಿಸುವ ಆ ಬೆಟ್ಟವೇ ಕಾಡುಹಂದಿಗೂ ಮನೆ. ತೆನೆ ಹಾಲುಗಟ್ಟಿದ ಗದ್ದೆಗೆ ಹಿಂಡು ಒಂದಿರುಳು ನುಗ್ಗಿತೆಂದರೆ ವರ್ಷದ ಅನ್ನ ಮಣ್ಣುಪಾಲು. ಅದಕ್ಕಾಗಿಯೇ ಗದ್ದೆಯಂಚಿನಲ್ಲಿ ಕಾವಲಿನ ಮಾಳ. ಮಾಳದಲ್ಲಿ ಬೆಳೆರಕ್ಷಣೆಯ ಪರವಾನಗಿ ಪಡೆದ ಕೇಪಿನ ಕೋವಿ.

ಈ ಕೋವಿ ರೈಫಲ್ ಅಲ್ಲ. ರೈಫಲಿನ ನಳಿಗೆಯೊಳಗಿನ ಸುರುಳಿಗೆರೆಗಳು ಗುಂಡನ್ನು ತಿರುಗಿಸಿ ನೆಟ್ಟಗೆ ಕಳುಹುತ್ತವೆ. ಇದರದು ನುಣುಪು ನಳಿಗೆ. ಬಾಯಿಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಕೂರಿಸುವಷ್ಟರಲ್ಲಿ ಹಂದಿ ಬೆಟ್ಟ ಸೇರಿರುತ್ತದೆ. ಇರುವುದು ಒಂದೇ ಈಡು! ಗಾಯಗೊಂಡ ಹಂದಿಯನ್ನು ಕತ್ತಲಲ್ಲಿ ಅರಸುವ ಅಪಾಯವಂತೂ ಹೇಳತೀರದು. ಆದುದರಿಂದ ಕೋವಿಗೆ ಆಸರೆ ಬೇಕು. ಮಾಳದ ಅಡ್ಡಗಳುವಿಗೆ ನಳಿಗೆಯನ್ನೇ ತಾಗಿಸಿದರೆ ಸಿಡಿತಕ್ಕೆ ಅದು ಮೇಲಕ್ಕೆ ನೆಗೆಯುತ್ತದೆ. ಮರಳು ತುಂಬಿದ ಗೋಣಿಚೀಲದ ಮೇಲೆ ಮರದ ಹಿಡಿಯನ್ನಿರಿಸಿ, ಹಿಂಬದಿಯನ್ನು ಪ್ರತಿಸಲವೂ ಹೆಗಲ ಒಂದೇ ಎಡೆಗೆ ಒತ್ತಿ, ಅರ್ಧ ಉಸಿರು ಬಿಟ್ಟು ತಡೆದು, ಟ್ರಿಗರನ್ನು ಮೆಲ್ಲನೆ ಅದುಮಬೇಕು. ಸೆಳೆದರೆ ಗುರಿ ಹೋಯಿತು. ಬೆಂಚಿನ ಮೇಲೆ ರೈಫಲಿಟ್ಟು ಪಂದ್ಯವಾಡುವ ಅಮೆರಿಕದವರ ಗುಟ್ಟೂ ಬಹುಪಾಲು ಇಷ್ಟೆ. ಮಳೆಗಾಲದಲ್ಲಿ ಮದ್ದು ತೇವವಾದೀತೆಂಬ ಚಿಂತೆ ಅವರಿಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಅನುಮತಿಯಿಲ್ಲದೆ ಹಂದಿಯನ್ನು ಕೊಲ್ಲುವಂತಿಲ್ಲ. ಕೋವಿಯ ಕೆಲಸ ಬಹುಮಟ್ಟಿಗೆ ಸದ್ದಿನಲ್ಲೇ ಮುಗಿಯಬೇಕು. ಚುನಾವಣೆ ಬಂದಾಗ ಆ ಸದ್ದೂ ಇಲ್ಲ. ಬಹುತೇಕ ಕೋವಿಗಳು ಪೊಲೀಸ್ ಠಾಣೆ ಸೇರುತ್ತವೆ. ಆಗ ಮಾಳದಲ್ಲಿ ಉಳಿಯುವುದು ಮರಳಿನ ಚೀಲ, ಬಡಿಯಲೊಂದು ತಗಡಿನ ಡಬ್ಬಿ, ನಿದ್ದೆಗೆಟ್ಟ ರೈತ.