ಪಿಟೀಲಿನ ಮನೆ, ಕುಣಿಯುವ ಮನೆ

ಆರ್.ಟಿ. ನಗರದಿಂದ ಹೊರಟು, ಮೇಖ್ರಿ ಸರ್ಕಲ್ ದಾಟಿ, ಸದಾಶಿವನಗರದ ಮೂಲಕ ಸ್ಯಾಂಕಿ ಕೆರೆಯ ಬಳಿ ಬನ್ನಿ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಮಲ್ಲೇಶ್ವರದ ಅಂಚಿನಲ್ಲಿ, ಭಾರಿ ಪಿಟೀಲೊಂದು ಕಾಣುತ್ತದೆ. ಅದೇ ಚೌಡಯ್ಯ ಸ್ಮಾರಕ ಭವನ. 1980ರಲ್ಲಿ ಎದ್ದ ಈ ಸಂಗೀತ ಸಭಾಂಗಣಕ್ಕೆ ತಂತಿಯೂ ಉಂಟು, ಕಮಾನೂ ಉಂಟು.

ಮಕ್ಕಳೇ, ಪಿಟೀಲಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಮೈಸೂರು ಟಿ. ಚೌಡಯ್ಯನವರ ಪಿಟೀಲಿಗೆ ಮಾತ್ರ ಏಳು! ಮೈಕ್ ಇಲ್ಲದ ಕಾಲ. ಕಡೆಯ ಸಾಲಿನವರಿಗೂ ನಾದ ಕೇಳಲಿ ಎಂದು ಅವರು ಮೂರು ತಂತಿ ಸೇರಿಸಿದರು. ಕಟ್ಟಳೆ ಮುರಿದರು, ಶ್ರುತಿ ಕೆಡಿಸಲಿಲ್ಲ.

"ತಾತ, ಇದಕ್ಕಿಂತ ವಿಚಿತ್ರವಾದ ಕಟ್ಟಡ ಇದೆಯಾ?" ಎಂದು ನನ್ನ ಮೊಮ್ಮಗಳು ಕೇಳಿದಳು. ಇಲ್ಲದೆ ಏನು! ಗೋಡೆ ನೆಟ್ಟಗೇ ಇರಬೇಕೇ, ಕಿಟಕಿಗಳು ಸಾಲಾಗಿಯೇ ನಿಲ್ಲಬೇಕೇ ಎಂದು ಕೇಳಿದ ವಾಸ್ತುಶಿಲ್ಪಿಗಳೂ ಇದ್ದಾರೆ. 1988ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಅಂಥವರ ಕೆಲಸದ ಪ್ರದರ್ಶನ ನಡೆಸಿತು. ಅಲ್ಲಿಯೂ ಏಳೇ ಹೆಸರುಗಳು! ಈ ಪಂಥವನ್ನು ಡಿಕನ್‌ಸ್ಟ್ರಕ್ಟಿವಿಸಂ ಎನ್ನುತ್ತಾರೆ. ಕನ್ನಡದಲ್ಲಿ ನಿರಚನವಾದ ಎನ್ನಬಹುದು.

ಆ ಏಳರಲ್ಲಿ ಒಬ್ಬರು ಫ್ರಾಂಕ್ ಗೆಹ್ರಿ. ಅವರು ವ್ಲಾಡೊ ಮಿಲುನಿಚ್ ಜೊತೆ ಸೇರಿ ಪ್ರಾಗ್ ನಗರದ ನದಿ ದಂಡೆಯಲ್ಲಿ 'ಕುಣಿಯುವ ಮನೆ' ಕಟ್ಟಿದರು. 1996ರಲ್ಲಿ ಮುಗಿದ ಆ ಕಟ್ಟಡದಲ್ಲಿ ಒಂದು ಗೋಪುರ ನೆಟ್ಟಗೆ ನಿಂತಿದೆ. ಅದರ ಪಕ್ಕದ ಗಾಜಿನ ಗೋಪುರ ಸೊಂಟ ಬಳುಕಿಸಿ, ಲಂಗ ಹರಡಿದ ಹಾಗೆ ವಾಲಿದೆ. ಕಟ್ಟಿಸಿದ್ದು ಒಂದು ವಿಮಾ ಕಂಪನಿ! ನನ್ನಂಥ ಗುಮಾಸ್ತರು ಅಲ್ಲಿ ಕುಳಿತು ಲೆಕ್ಕ ಬರೆಯುವುದನ್ನು ನೆನೆದರೆ ನಗು ಬರುತ್ತದೆ. ಆದರೆ ಅದರ 99 ಕಾಂಕ್ರೀಟ್ ಫಲಕಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ಬೇರೆ ಅಚ್ಚು, ಬೇರೆ ಅಳತೆ. ನೆಟ್ಟಗಿನ ಗೋಡೆಗಿಂತ ಸೊಟ್ಟ ಗೋಡೆಗೇ ಲೆಕ್ಕ ಜಾಸ್ತಿ.

ಲೆಕ್ಕದ ಮಾತು ಬರೀ ತಮಾಷೆಯಲ್ಲ. ಗೆಹ್ರಿಯವರಿಂದಲೇ ವಿನ್ಯಾಸ ಮಾಡಿಸಿದ ಸ್ಟಾಟಾ ಸೆಂಟರ್ ಸೋರುತ್ತಿದೆ, ಬಿರುಕು ಬಿಟ್ಟಿದೆ ಎಂದು ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆ 2007ರಲ್ಲಿ ಕೋರ್ಟಿಗೆ ಹೋಯಿತು. ಕೊನೆಗೆ ರಾಜಿಯಾಯಿತು. ಆದರೂ ಪಾಠ ಉಳಿಯಿತು: ನೋಡುವವರಿಗೆ ಎಷ್ಟೇ ಚೆಂದ ಕಂಡರೂ ಒಳಗಿದ್ದವರ ತಲೆ ನೆನೆಯಬಾರದು.

ಹೆಬ್ಬಾಳ, ಯಲಹಂಕದ ಹೊಸ ಬಡಾವಣೆಗಳಲ್ಲಿ ಸೊಟ್ಟ ಗೋಡೆಯ ಮನೆ ಕಂಡರೆ ಅಜ್ಜ ಅಜ್ಜಿಯರು ಮೂಗು ಮುರಿಯುವುದು ಬೇಡ, ಮಕ್ಕಳು ಸುಮ್ಮನೆ ಬೆರಗಾಗುವುದೂ ಬೇಡ. ಇಬ್ಬರೂ ನಿಂತು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದರ ಮೇಲೆ ಬಿದ್ದ ಮಳೆನೀರು ಎಲ್ಲಿಂದ ಇಳಿಯುತ್ತದೆ? ಉತ್ತರ ಸಿಕ್ಕರೆ ಅದನ್ನು ಕಟ್ಟಿದವರಿಗೆ ಶ್ರುತಿ ಗೊತ್ತಿದೆ ಎಂದು ತಿಳಿಯಿರಿ.